ಕಡಕೋಳ ಮಡಿವಾಳಪ್ಪನ ಹಾಡಿನ ಬಳಗ

ಗೋಗಿಯ ಚಂದಾ ಹುಸೇನಿ ದರ್ಗಾದಲ್ಲಿ ಯೂಸುಫನಿಂದ ಮೊದಲನೇ ಇಬ್ರಾಹಿಮನವರೆಗಿನ ನಾಲ್ವರು ಆದಿಲಶಾಹಿ ಸುಲ್ತಾನರ ಗೋರಿಗಳಿವೆ. ಆಳಿದ್ದು ವಿಜಯಪುರದಿಂದ, ಮಣ್ಣಾದದ್ದು ಸಂತನ ನೆರಳಲ್ಲಿ. ಇದು ಅರಸರೂ ಸಂತರಿಗೆ ತಲೆಬಾಗಿದ ಸೀಮೆ. ಗೋಗಿಗೆ ತೀರ ದೂರವಲ್ಲದ ಕಡಕೋಳ ಈಗ ಕಲಬುರಗಿ ಜಿಲ್ಲೆಯ ಯಡ್ರಾಮಿ ತಾಲ್ಲೂಕಿನಲ್ಲಿದೆ. 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿ ನೆಲೆಸಿದ್ದ ಮಡಿವಾಳಪ್ಪ ಮಾತ್ರ ಅರಸರನ್ನಿರಲಿ, ಸ್ವಾಮಿಗಳನ್ನೂ ಸುಮ್ಮನೆ ಬಿಡಲಿಲ್ಲ.

ಹುಟ್ಟಿದ್ದು ಅಫಜಲಪುರ ಸೀಮೆಯ ಬಿದನೂರಿನಲ್ಲಿ. ತಾಯಿ ಗಂಗಮ್ಮ ವಿಧವೆ ಎಂಬುದು ಜನರ ಬಾಯಲ್ಲಿ ಉಳಿದ ಕಥೆ. ವಿಧವೆಯ ಮಗನಿಗೆ ಮಠಗಳ ಬಾಗಿಲು ಸುಲಭಕ್ಕೆ ತೆರೆಯದ ಕಾಲ ಅದು. ಅವನ ಪದಗಳಲ್ಲಿ ಕುಲದ ಜಂಬ, ವೇಷದ ಗುರುಗಳು, ಒಣ ಆಚಾರ ಇವು ಮತ್ತೆ ಮತ್ತೆ ಏಟು ತಿನ್ನುವುದನ್ನು ಈ ಕಥೆಯ ಪಕ್ಕದಲ್ಲಿಟ್ಟು ಕೇಳಬೇಕು. ಅದನ್ನು ಬರೀ ಅನುಭಾವವೆಂದು ಪೂಜೆಗಿಟ್ಟರೆ ಅದರ ಸಿಟ್ಟು ಕಾಣದೆ ಹೋಗುತ್ತದೆ. ಮಠಗಳನ್ನು ಕೆಣಕಿದವನ ಹೆಸರಿನಲ್ಲೇ ಕಡಕೋಳದಲ್ಲಿ ಈಗ ಮಠವಿದೆ!

ಅವನ ನಿಜವಾದ ಸಾಧನೆ ಶಿಷ್ಯಬಳಗ. ಚನ್ನೂರ ಜಲಾಲಸಾಬ ಮುಸಲ್ಮಾನ, ಖೈನೂರ ಕೃಷ್ಣಪ್ಪ ಬ್ರಾಹ್ಮಣ. ತೆಲಗಬಾಳ ರೇವಪ್ಪ, ರಾಂಪುರದ ಬಕ್ಕಪ್ಪ, ಕಡ್ಲೇವಾಡ ಸಿದ್ಧಪ್ಪ ಇದ್ದರು. ಐದಬಾವಿಯ ನೀಲಮ್ಮನೂ ಇದ್ದಳು. ಇವರು ಗುರುವಿನ ಹಾಡು ಕೇಳಿ ಕೈಮುಗಿದು ಎದ್ದುಹೋದವರಲ್ಲ, ತಾವೇ ಪದ ಕಟ್ಟಿದವರು. ಒಟ್ಟಿಗೆ ಕೂತು ಉಣ್ಣುವುದೇ ಕಷ್ಟವಾಗಿದ್ದ ಊರುಗಳಲ್ಲಿ ಇಷ್ಟು ಜನ ಒಂದೇ ಗುರುವಿನ ಮಕ್ಕಳಾದದ್ದು ಸಣ್ಣ ಸಂಗತಿಯಲ್ಲ.

ಈ ಪದಗಳು ಬಹುಕಾಲ ಉಳಿದದ್ದು ಅಚ್ಚಿನಲ್ಲಲ್ಲ. ರಾತ್ರಿ ಭಜನೆಗೆ ಕೂತಾಗ ಒಬ್ಬ ಏಕತಾರಿ ಮೀಟಿ ನುಡಿ ಎತ್ತುತ್ತಾನೆ, ದಮ್ಮಡಿ, ತಾಳದವರು ಪಲ್ಲವಿ ಹಿಡಿಯುತ್ತಾರೆ. ಓದು ಬಾರದವನಿಗೂ ಅಷ್ಟರಲ್ಲಿ ಪದ ಬಾಯಿಗೆ ಬರುತ್ತದೆ. ಮರೆತ ನುಡಿಯನ್ನು ಪಕ್ಕದವನು ಎತ್ತಿಕೊಡುತ್ತಾನೆ. ಒಂದೊಂದು ಊರಿನಲ್ಲಿ ಒಂದೊಂದು ಪಾಠವಾಗುವುದೂ ಹೀಗೆಯೇ. ಸಂಪಾದಕರಿಗೆ ಅದು ತಲೆನೋವು, ಹಾಡುವವರಿಗೆ ಸ್ವಾತಂತ್ರ್ಯ. ಕೊನೆಯ ನುಡಿಯಲ್ಲಿ ಬರುವ ‘ಗುರುಮಹಾಂತ’ ಎಂಬ ಅಂಕಿತವೇ ಇದು ಮಡಿವಾಳಪ್ಪನ ಪದ ಎಂಬುದಕ್ಕೆ ಗುರುತು.

ಶಿಶುನಾಳ ಶರೀಫರು ಹುಟ್ಟಿದ್ದು 1819ರಲ್ಲಿ. ಅವರ ಪದಗಳು ಸುಗಮ ಸಂಗೀತದ ಮೂಲಕ ಮನೆಮನೆಗೆ ಮುಟ್ಟಿದವು. ಅವರಿಗಿಂತ ಹಿರಿಯನಾದ ಮಡಿವಾಳಪ್ಪನಿಗೆ ಆ ಅದೃಷ್ಟ ಅಷ್ಟಾಗಿ ಸಿಗಲಿಲ್ಲ. ಹೊಸಗನ್ನಡಕ್ಕೆ ಮೊದಲಿನ ಆ ಶತಮಾನವನ್ನು ಬರಡು ಕಾಲವೆಂದು ದಾಟಿಹೋದ ಸಾಹಿತ್ಯ ಚರಿತ್ರೆಗಳಿಗೂ ಅವನು ಕೇಳಿಸಲಿಲ್ಲ. ಭಜನೆಯವರಿಗೆ ಆ ಚರಿತ್ರೆಗಳ ಹಂಗಿರಲಿಲ್ಲ. ಮಡಿವಾಳಪ್ಪನ ಪದ ಮುಗಿದರೆ ಜಲಾಲಸಾಬನದು ಎತ್ತಿಕೊಂಡು ಬೆಳಗಿನವರೆಗೂ ಹಾಡಿದರು.