ಡೆಡ್‌ಲಾಕ್ ನಿವಾರಣೆ

ಡೆಡ್‌ಲಾಕ್ ನಿವಾರಣೆ ಎಂಬುದು ಸ್ವಯಂಚಾಲಿತ ತಯಾರಿಕಾ ವ್ಯವಸ್ಥೆಗಳಲ್ಲಿ ಕೆಲಸಗಳು ಒಂದಕ್ಕೊಂದು ಕಾಯುತ್ತ ಸ್ಥಗಿತಗೊಳ್ಳದಂತೆ ಅವುಗಳ ಕ್ರಮವನ್ನು ಯೋಜಿಸುವ ವಿಧಾನ. ಎರಡು ಯಂತ್ರಗಳಲ್ಲಿರುವ ಬಿಡಿಭಾಗಗಳು ಯಂತ್ರ ಬದಲಿಸಿಕೊಳ್ಳಬೇಕಿದ್ದು, ನಡುವೆ ಇಡಲು ಜಾಗವಿಲ್ಲದಿದ್ದರೆ ಎರಡೂ ನಿಂತುಹೋಗುತ್ತವೆ.

ಏಕಮಾರ್ಗದ ರೈಲು ಸಂಚಾರದಲ್ಲಿಯೂ ಇದೇ ಸಮಸ್ಯೆಯಿದೆ. ಹುಬ್ಬಳ್ಳಿ–ಚಿಕ್ಕಜಾಜೂರು ಮಾರ್ಗವು ಜೋಡಿಮಾರ್ಗವಾಗುವ ಮೊದಲು, ಹಾವೇರಿ ಮತ್ತು ರಾಣೆಬೆನ್ನೂರು ಕಡೆಗಳಿಂದ ಬರುವ ರೈಲುಗಳು ನಡುವಿನ ಬ್ಯಾಡಗಿಯಂತಹ ನಿಲ್ದಾಣಗಳಲ್ಲಿಯೇ ಒಂದನ್ನೊಂದು ದಾಟಬೇಕಿತ್ತು. ಅಂತಹ ನಿಲ್ದಾಣದ ಹಳಿಗಳೆಲ್ಲ ಒಂದೇ ದಿಕ್ಕಿನ ರೈಲುಗಳಿಂದ ತುಂಬಿ, ಎದುರಿನಿಂದ ಮತ್ತೊಂದು ರೈಲು ಬಂದು ನಿಂತರೆ ಯಾವುದೂ ಮುಂದೆ ಸಾಗದು. ಸಿಗ್ನಲ್ ಡಿಕ್ಕಿಯನ್ನು ತಡೆಯುತ್ತದೆ, ಈ ಸ್ಥಗಿತವನ್ನಲ್ಲ.

ಆದ್ದರಿಂದ ಅನುಮತಿ ನೀಡಿದ ಬಳಿಕವೂ ಎಲ್ಲ ಕೆಲಸಗಳು ಮುಗಿಯುವ ಒಂದು ಕ್ರಮವಾದರೂ ಉಳಿಯುವುದೇ ಎಂದು ಮೊದಲೇ ಪರೀಕ್ಷಿಸಲಾಗುತ್ತದೆ. 1960ರ ದಶಕದಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ರೂಪಿಸಿದ ಬ್ಯಾಂಕರ್ ಅಲ್ಗಾರಿದಮ್‌ನ ತತ್ವವೂ ಇದೇ. ಒಂದು ಹಳಿಯನ್ನೋ ಜಾಗವನ್ನೋ ಖಾಲಿ ಬಿಡುವುದು ವ್ಯರ್ಥವೆನಿಸಿದರೂ ಇಡೀ ವ್ಯವಸ್ಥೆಯ ಚಲನೆಯನ್ನು ಉಳಿಸುತ್ತದೆ.