ಕಾಗೆ ಕೂತಿದ್ದೋ, ಕೈಚಳಕವೋ?

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಶಾಮನೂರು. ಹೆಸರಿಗೆ ಬೇರೆ ಊರು, ಈಗ ದಾವಣಗೆರೆಯ ಒಳಗೇ ಸೇರಿಹೋಗಿದೆ. ಸಂಜೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದಾಗ ಚಿಕ್ಕಪ್ಪನ ಮಗ ಮೆಲ್ಲಗೆ ಒಂದು ವಿಷಯ ಹೇಳಿದ. ಫೋನಿನಲ್ಲಿ ದುಡ್ಡು ಕಟ್ಟಿ ಪೂಲ್ ಆಡಿ ಅರವತ್ತು ಸಾವಿರ ಕಳೆದುಕೊಂಡಿದ್ದನಂತೆ. ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

"ಜೂಜಾಡಿದ್ಯೇನೋ?" ಅಂದೆ.

"ಜೂಜಲ್ಲಣ್ಣ, ಸ್ಕಿಲ್ ಗೇಮು. ಕೋರ್ಟೇ ಹೇಳೈತಿ. ನೀನೇ ಹೇಳಿದ್ದಲ್ಲ, ಪೂಲ್‌ನಾಗ ಲಕ್ ಏನಿಲ್ಲ ಅಂತ?"

ಹೌದು, ಹೇಳಿದ್ದೆ. ಇಂಜಿನಿಯರಿಂಗ್ ಓದುವಾಗ ಅವನನ್ನು ಪಾರ್ಲರಿಗೆ ಕರೆದುಕೊಂಡು ಹೋಗಿ ಕ್ಯೂ ಹಿಡಿಯೋದು ಕಲಿಸಿದವನೂ ನಾನೇ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಈ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ಹಾಗಾಗಿ ಕೂತು ಈ ಆಟದ ಚರಿತ್ರೆಯನ್ನೇ ಸ್ವಲ್ಪ ಕೆದಕಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರನ್ನೇ ನೋಡಿ. 'ಪೂಲ್' ಅಂದರೆ ಎಲ್ಲರೂ ಸೇರಿ ಒಟ್ಟುಗೂಡಿಸಿದ ಪಣದ ದುಡ್ಡು. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ 'ಪೂಲ್ ರೂಮ್' ಅಂದರೆ ಕುದುರೆ ರೇಸಿಗೆ ಬಾಜಿ ಕಟ್ಟುವ ಜಾಗ. ಕಾಯುವವರಿಗೆ ಹೊತ್ತು ಹೋಗಲಿ ಅಂತ ಅಲ್ಲಿ ಬಿಲಿಯರ್ಡ್ಸ್ ಮೇಜು ಹಾಕಿದ್ದರು. ಕೊನೆಗೆ ಜಾಗದ ಹೆಸರೇ ಆಟಕ್ಕೆ ಅಂಟಿಕೊಂಡಿತು. ಅಂದರೆ ಆಟಕ್ಕೆ ಹೆಸರು ಬಂದಿದ್ದೇ ಬಾಜಿಯಿಂದ!

ಅದರ ದಾಯಾದಿ ಸ್ನೂಕರ್ ಹುಟ್ಟಿದ್ದು ನಮ್ಮಲ್ಲೇ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನಿಕರ ಮೆಸ್ಸಿನಲ್ಲಿ ಹುಟ್ಟಿದ ಆಟಕ್ಕೆ ಆಮೇಲೆ ಊಟಿ ಕ್ಲಬ್ಬಿನಲ್ಲಿ ನಿಯಮಗಳು ರೂಪುಗೊಂಡವು. ಮೇಜಿನ ಆಟಗಳಲ್ಲಿ ನಮ್ಮವರದ್ದು ದೊಡ್ಡ ಪರಂಪರೆ. 1958ರಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಅವರ ನಂತರ ಮೈಕೇಲ್ ಫೆರೇರಾ, ಗೀತ್ ಸೇಥಿ, ಆಮೇಲೆ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ.

ಇರಲಿ, ಅದೃಷ್ಟದ ವಿಷಯಕ್ಕೆ ಬರೋಣ. ಯಾವುದೋ ಚೆಂಡಿಗೆ ಗುರಿಯಿಟ್ಟು ಹೊಡೆದರೆ ಇನ್ಯಾವುದೋ ಚೆಂಡು ಎಲ್ಲೋ ಬಡಿದು ಗುಂಡಿಗೆ ಬೀಳುತ್ತದಲ್ಲ, ಅದೇ ಫ್ಲೂಕ್. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅನ್ನೋ ಹಾಗೆ. ನೈನ್‌ಬಾಲ್‌ನಲ್ಲಿ ಇದಕ್ಕೆ ಪೂರ್ತಿ ಮಾನ್ಯತೆ ಇದೆ. ಸರಿಯಾದ ಚೆಂಡಿಗೆ ಮೊದಲು ತಾಗಿದರೆ ಸಾಕು, ಆಮೇಲೆ ಒಂಬತ್ತನೇ ಚೆಂಡು ಹೇಗೆ ಬಿದ್ದರೂ ಗೆಲುವೇ. ಹಳೆಯ ಸ್ಟ್ರೇಟ್ ಪೂಲ್‌ನಲ್ಲಿ ಹಾಗಲ್ಲ, ಯಾವ ಚೆಂಡು ಯಾವ ಗುಂಡಿಗೆ ಅಂತ ಮೊದಲೇ ಹೇಳಿ ಹೊಡೆಯಬೇಕು. 1954ರಲ್ಲಿ ವಿಲ್ಲಿ ಮಾಸ್ಕೋನಿ ಒಂದು ಪ್ರದರ್ಶನ ಪಂದ್ಯದಲ್ಲಿ ಹೀಗೆ ಒಂದೂ ತಪ್ಪದೆ ಸತತ 526 ಚೆಂಡು ಹಾಕಿದರು. ಅದನ್ನು ಲಕ್ ಅನ್ನೋಕೆ ಯಾರಿಗೂ ಬಾಯಿ ಬರಲಿಕ್ಕಿಲ್ಲ.

ಅಂದರೆ ಒಂದೇ ಮೇಜು, ಅವೇ ಚೆಂಡುಗಳು. ಆದರೆ ಅದೃಷ್ಟಕ್ಕೆ ಎಷ್ಟು ಜಾಗ ಕೊಡಬೇಕು ಅನ್ನೋದನ್ನು ತೀರ್ಮಾನಿಸುವುದು ನಿಯಮ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಪಂದ್ಯದ ಉದ್ದ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಬೇಸರ ಮಾಡ್ಕೋಬೇಡಿ. ನೀವು ಎದುರಾಳಿಗಿಂತ ಉತ್ತಮ ಆಟಗಾರ, 100 ಫ್ರೇಮಿನಲ್ಲಿ 60 ನಿಮ್ಮದೇ ಅಂತಿಟ್ಟುಕೊಳ್ಳಿ. ಒಂದೇ ಫ್ರೇಮಿನ ಪಂದ್ಯವಾದರೆ ನೀವು ಸೋಲುವ ಸಾಧ್ಯತೆ ಶೇ. 40. ಐದು ಫ್ರೇಮಿನಲ್ಲಿ ಮೂರು ಗೆಲ್ಲಬೇಕು ಅಂದರೆ ನಿಮ್ಮ ಗೆಲುವಿನ ಸಾಧ್ಯತೆ ಶೇ. 68ಕ್ಕೆ ಏರುತ್ತದೆ. ಒಂಬತ್ತು ಫ್ರೇಮಿಗೆ ಶೇ. 73. ವಿಶ್ವ ಸ್ನೂಕರ್ ಫೈನಲ್ಲಿನ ಹಾಗೆ 35 ಫ್ರೇಮಿನಲ್ಲಿ 18 ಅಂದರೆ ಶೇ. 88ರ ಆಸುಪಾಸು. ನಿಮ್ಮ ಕೈಚಳಕ ಒಂದಿಷ್ಟೂ ಬದಲಾಗಿಲ್ಲ, ಉದ್ದ ಮಾತ್ರ ಬದಲಾಗಿದೆ.

1996ರಲ್ಲಿ ಹಾಂಗ್‌ಕಾಂಗಿನಲ್ಲಿ ಫಿಲಿಪೀನ್ಸಿನ ಎಫ್ರೆನ್ ರೆಯೆಸ್ ಮತ್ತು ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಲಕ್ಷ ಡಾಲರಿಗೆ ನೈನ್‌ಬಾಲ್ ಆಡಿದರು. ಮೊದಲು 120 ರ್‍ಯಾಕ್ ಗೆದ್ದವರಿಗೆ ದುಡ್ಡು. ಮೂರು ದಿನ ಆಡಿ ರೆಯೆಸ್ ಗೆದ್ದಿದ್ದು 120-117ರಿಂದ. ಅಷ್ಟು ಉದ್ದದ ಪಂದ್ಯದಲ್ಲೂ ಇಬ್ಬರ ನಡುವೆ ಉಳಿದ ಅಂತರ ಮೂರೇ ರ್‍ಯಾಕ್! ಸರಿಸಮಾನರು ಎದುರಾದಾಗ ಎಷ್ಟು ಉದ್ದ ಆಡಿದರೂ ಅದೃಷ್ಟ ಒಂದು ಮೂಲೆಯಲ್ಲಿ ಕೂತೇ ಇರುತ್ತದೆ.

ಇದಕ್ಕೆ ಇನ್ನೊಂದು ಒಳ್ಳೆಯ ಉದಾಹರಣೆ ನಮ್ಮ ಅಡ್ವಾಣಿಯವರೇ. ಹುಟ್ಟಿದ್ದು ಪುಣೆಯಲ್ಲಿ, ಬೆಳೆದಿದ್ದು ಬೆಂಗಳೂರಿನಲ್ಲಿ. ಗುರು ಅರವಿಂದ್ ಸವೂರ್, ಅವರೂ ಹಿಂದೆ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಆಗಿದ್ದವರು. 2003ರಲ್ಲಿ, ಹದಿನೆಂಟನೇ ವಯಸ್ಸಿಗೇ ಅಡ್ವಾಣಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು 2005ರ ಮಾಲ್ಟಾ. ವಿಶ್ವ ಬಿಲಿಯರ್ಡ್ಸಿನಲ್ಲಿ ಎರಡು ಬಗೆ. ಒಂದು 150 ಪಾಯಿಂಟಿನ ಚಿಕ್ಕ ಚಿಕ್ಕ ಗೇಮುಗಳದ್ದು. ಅದರಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಗೇಮ್ ಕೈಬಿಟ್ಟು ಹೋಗಬಹುದು. ಇನ್ನೊಂದು ಗಂಟೆಗಟ್ಟಲೆ ಆಡುವ ಸಮಯದ ಲೆಕ್ಕದ್ದು. ಅಲ್ಲಿ ಅದೃಷ್ಟ ಸವೆದು ಹೋಗಿ ಆಟಗಾರನ ತಾಕತ್ತು ಮಾತ್ರ ಉಳಿಯುತ್ತದೆ. ಮಾಲ್ಟಾದಲ್ಲಿ ಅಡ್ವಾಣಿ ಎರಡನ್ನೂ ಒಟ್ಟಿಗೆ ಗೆದ್ದರು. 2008ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಎರಡೂ. 2014, 2018ರಲ್ಲೂ ಅದೇ ಕಥೆ. 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28. ಒಂದು ಸಲ ಗೆದ್ದರೆ ಕಾಗೆ ಕೂತಿದ್ದು ಅನ್ನಬಹುದು. ಇಪ್ಪತ್ತೆಂಟು ಸಲವೂ ಟೊಂಗೆ ಮುರಿದರೆ ಅದು ಕಾಗೆಯಲ್ಲ ಬಿಡಿ, ಕೊಡಲಿ!

ಹಾಗಾದರೆ ತಮ್ಮ ಹೇಳಿದ್ದು ಸರಿಯೇ ಆಯಿತಲ್ಲ? ಪೂಲ್ ಸ್ಕಿಲ್ಲಿನ ಆಟವೇ. ಕೋರ್ಟಿನ ಮಾತೂ ಸುಳ್ಳಲ್ಲ. ಸ್ಪರ್ಧೆಯಲ್ಲಿ ಗೆಲುವು ಬಹುಪಾಲು ಕೌಶಲ್ಯದ ಮೇಲೆ ನಿಂತಿದ್ದರೆ ಅದು ಜೂಜಲ್ಲ ಎಂಬ ದಾರಿಯನ್ನು ಸುಪ್ರೀಂ ಕೋರ್ಟ್ 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲೇ ಹಾಕಿತ್ತು. 1967ರಲ್ಲಿ ರಮ್ಮಿ, 1996ರಲ್ಲಿ ಕುದುರೆ ರೇಸು ಇದೇ ದಾರಿಯಲ್ಲಿ ಪಾಸಾದವು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿದ್ದೂ ಈ ತರ್ಕದ ಮೇಲೆಯೇ.

ಆದರೆ 1967ರ ರಮ್ಮಿ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾವ ಜಾಹೀರಾತಿನಲ್ಲೂ ನಾನು ನೋಡಿಲ್ಲ. ಆಟ ಸ್ಕಿಲ್ಲಿನದ್ದೇ ಆದರೂ, ಆಡಿಸುವ ಜಾಗದವನು ಆಟದಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧ ಆಗಬಹುದು ಅನ್ನುವ ಅರ್ಥದ ಮಾತು. ತಮ್ಮನ ಅರವತ್ತು ಸಾವಿರದ ಗುಟ್ಟು ಇಲ್ಲೇ ಇದೆ ಅನ್ನಿಸಿತು.

ಮತ್ತೆ ಲೆಕ್ಕ ಹಾಕಿದೆ. ಇಬ್ಬರೂ ತಲಾ 50 ರೂಪಾಯಿ ಕಟ್ಟುತ್ತಾರೆ ಅಂತಿಟ್ಟುಕೊಳ್ಳಿ. ನೂರರಲ್ಲಿ ಆ್ಯಪಿನವನು 10 ಮುರಿದುಕೊಂಡು ಗೆದ್ದವನಿಗೆ 90 ಕೊಡುತ್ತಾನೆ. ಆಗ ಅಸಲು ಉಳಿಯಬೇಕಾದರೇ ನೂರಕ್ಕೆ 56 ಆಟ ಗೆಲ್ಲಬೇಕು. ನೂರಕ್ಕೆ 53 ಗೆಲ್ಲುವವನು ನಿಜಕ್ಕೂ ಎದುರಾಳಿಗಿಂತ ಉತ್ತಮ ಆಟಗಾರ. ಆದರೂ ಆಟವೊಂದಕ್ಕೆ ಸರಾಸರಿ 2 ರೂಪಾಯಿ 30 ಪೈಸೆ ಕಳೆದುಕೊಳ್ಳುತ್ತಾನೆ! ಸಾವಿರ ಆಟಕ್ಕೆ 2,300. ಅದರ ಮೇಲೆ ಪ್ರತಿ ಸಲ ನಿಮ್ಮ ಸಮಕ್ಕಿರುವ ಎದುರಾಳಿಯನ್ನೇ ಹುಡುಕಿ ಕೂರಿಸಿದರೆ ಮುಗಿದೇ ಹೋಯಿತು, ಗೆಲುವು ನೂರಕ್ಕೆ ಐವತ್ತರ ಹತ್ತಿರವೇ ಸುತ್ತುತ್ತದೆ.

ಅಡ್ವಾಣಿಯವರ ಮೇಜಿನಲ್ಲಿ ಪಂದ್ಯ ಉದ್ದವಾದಷ್ಟೂ ಲಾಭ ಉತ್ತಮ ಆಟಗಾರನಿಗೆ. ತಮ್ಮನ ಫೋನಿನಲ್ಲಿ ಆಟ ಉದ್ದವಾದಷ್ಟೂ ಲಾಭ ಮೇಜು ಹಾಕಿದವನಿಗೆ. ಕೋರ್ಟುಗಳು ಕೇಳಿದ ಮುಖ್ಯ ಪ್ರಶ್ನೆ "ಗೆಲ್ಲೋದು ಲಕ್ಕೋ ಸ್ಕಿಲ್ಲೋ" ಅಂತ. ತಮ್ಮ ಕೇಳಬೇಕಾಗಿದ್ದ ಪ್ರಶ್ನೆ "ನಾನು ಗೆದ್ದರೂ ದುಡ್ಡು ಯಾರಿಗೆ ಹೋಗುತ್ತೆ" ಅಂತ.

2025ರ ಆಗಸ್ಟಿನಲ್ಲಿ ಸಂಸತ್ತು ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಲಕ್ಕೋ ಸ್ಕಿಲ್ಲೋ ಅನ್ನುವ ಗೊಡವೆಗೇ ಹೋಗದೆ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆ ಕಾಯ್ದೆ ಬೇಕಿತ್ತೋ ಬೇಡವೋ ಅನ್ನುವುದು ಬೇರೆಯೇ ಚರ್ಚೆ. ನಮ್ಮ ಹುಡುಗನಿಗಂತೂ ಅದು ಬಂದಿದ್ದು ಅರವತ್ತು ಸಾವಿರದಷ್ಟು ತಡವಾಗಿ.

ಮೊನ್ನೆ ಫೋನ್ ಮಾಡಿ ಈ ಲೆಕ್ಕವನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರ ನಾನು ಚೆನ್ನಾಗೇ ಆಡ್ತಿದ್ದೆ ಅಲ್ಲಣ್ಣ?" ಅಂದ.

ಚೆನ್ನಾಗೇ ಆಡುತ್ತಿದ್ದ. ಅದೇ ಬೇಜಾರು. ಪೂಲ್‌ನಲ್ಲಿ ಲಕ್ ಏನಿಲ್ಲ ಅಂತ ಹೇಳಿಕೊಟ್ಟವನು ನಾನು. ಅರ್ಧ ಪಾಠ ಹೇಳಿ ಬಿಟ್ಟಿದ್ದೆ. ಚಿಕ್ಕಪ್ಪನಿಗೆ ಈ ವಿಷಯ ಹೇಳಬೇಕು, ಮುಂದಿನ ವಾರ ಊರಿಗೆ ಹೊರಟಿದ್ದೇನೆ. ಹುಡುಗ ಒಬ್ಬನೇ ಹೇಳೋದು ಬೇಡ, ಜೊತೆಗೆ ನಾನೂ ಕೂತಿರುತ್ತೇನೆ.