ಮೆಗ್ನೀಸಿಯಮ್ ಮಿಶ್ರಲೋಹಗಳ ಉಷ್ಣವಾಹಕತೆ

ಶುದ್ಧ ಮೆಗ್ನೀಸಿಯಮ್ ಉತ್ತಮ ಉಷ್ಣವಾಹಕ. ಕೋಣೆಯ ಉಷ್ಣತೆಯಲ್ಲಿ ಅದರ ವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 156 ವ್ಯಾಟ್, ಅಲ್ಯೂಮಿನಿಯಮ್ಮಿನದು 237 (ಮುಂದಿನ ವಾಹಕತೆಯ ಅಂಕಿಗಳೂ ಇದೇ ಮಾನದಲ್ಲಿವೆ). ಆದರೆ ಮೆಗ್ನೀಸಿಯಮ್ಮಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.74 ಗ್ರಾಂ ಮಾತ್ರ. ವಾಹಕತೆಯನ್ನು ಸಾಂದ್ರತೆಯಿಂದ ಭಾಗಿಸಿದರೆ ಎರಡು ಲೋಹಗಳೂ ಸರಿಸುಮಾರು ಸಮವಾಗುತ್ತವೆ. ಶುದ್ಧ ಲೋಹ ತೀರ ಮೆದುವಾದ್ದರಿಂದ ಅದಕ್ಕೆ ಬೇರೆ ಧಾತುಗಳನ್ನು ಬೆರೆಸಲೇಬೇಕು. ಬೆರೆಸಿದೊಡನೆ ವಾಹಕತೆ ಕುಸಿಯುತ್ತದೆ. ಸುಮಾರು 9% ಅಲ್ಯೂಮಿನಿಯಮ್, 1% ಸತುವು ಇರುವ ಎಜೆಡ್91 ಎರಕದ ವಾಹಕತೆ 50ರ ಆಸುಪಾಸಿಗೆ ಇಳಿಯುತ್ತದೆ.

ಲೋಹದಲ್ಲಿ ಶಾಖವನ್ನು ಮುಖ್ಯವಾಗಿ ಸಾಗಿಸುವವು ವಿದ್ಯುತ್ತನ್ನೂ ಸಾಗಿಸುವ ಎಲೆಕ್ಟ್ರಾನುಗಳೇ. ಈ ಎರಡು ವಾಹಕತೆಗಳ ನಂಟನ್ನು 1853ರಲ್ಲಿ ವೀಡೆಮಾನ್ ಮತ್ತು ಫ್ರಾಂಟ್ಸ್ ಗುರುತಿಸಿದರು. ಅವೆರಡರ ಅನುಪಾತ ಕೆಲ್ವಿನ್ ಉಷ್ಣತೆಗೆ ತಕ್ಕಂತೆ ಏರುತ್ತದೆ ಎಂಬುದನ್ನು 1872ರಲ್ಲಿ ಡೆನ್ಮಾರ್ಕಿನ ಲೊರೆನ್ಸ್ ತೋರಿಸಿದ. ಉಷ್ಣವಾಹಕತೆಯೆಂದರೆ 2.44×10⁻⁸ ಎಂಬ ಸ್ಥಿರಾಂಕವನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿ ವಿದ್ಯುತ್ ರೋಧಶೀಲತೆಯಿಂದ ಭಾಗಿಸಿದಾಗ ಬರುವ ಮೌಲ್ಯ. ರೋಧಶೀಲತೆಯಲ್ಲಿ ಎರಡು ಪಾಲುಗಳಿವೆ ಎನ್ನುತ್ತದೆ ಮ್ಯಾಥೀಸನ್ ನಿಯಮ: ಪರಮಾಣುಗಳ ಕಂಪನದಿಂದ ಬರುವ, ಉಷ್ಣತೆಯೊಂದಿಗೆ ಏರುವ ಪಾಲು ಒಂದು, ಬೆರಕೆ ಪರಮಾಣುಗಳಿಂದ ಬರುವ, ಹೆಚ್ಚುಕಡಿಮೆ ಬದಲಾಗದ ಪಾಲು ಇನ್ನೊಂದು.

ಉಷ್ಣತೆಯ ಪರಿಣಾಮವೆಲ್ಲ ಈ ವಿಭಜನೆಯಲ್ಲೇ ಅಡಗಿದೆ. ಶುದ್ಧ ಮೆಗ್ನೀಸಿಯಮ್ಮಿನ ರೋಧಶೀಲತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 4.4 ಮೈಕ್ರೊಓಮ್-ಸೆಂಟಿಮೀಟರ್, 200 ಡಿಗ್ರಿಯಲ್ಲಿ ಸುಮಾರು 7.5. ಕೆಲ್ವಿನ್ ಉಷ್ಣತೆಯೂ ರೋಧಶೀಲತೆಯೂ ಜೊತೆಯಾಗಿ ಏರುವುದರಿಂದ ಭಾಗಲಬ್ಧ ಅಷ್ಟಾಗಿ ಕದಲುವುದಿಲ್ಲ. ವಾಹಕತೆ ಕೊಂಚವೇ ಇಳಿಯುತ್ತದೆ. ಎಜೆಡ್91ರ ರೋಧಶೀಲತೆ 20 ಡಿಗ್ರಿಯಲ್ಲಿ 14 ಎಂದಿಟ್ಟುಕೊಂಡರೆ ಅದರಲ್ಲಿ 9.6 ಬೆರಕೆಯ ಪಾಲು. 200 ಡಿಗ್ರಿಗೆ ಏರಿದಾಗ ಒಟ್ಟು 17.1 ಆಗುತ್ತದೆ. ಕೆಲ್ವಿನ್ ಉಷ್ಣತೆ 293ರಿಂದ 473ಕ್ಕೆ ಏರಿದರೂ ರೋಧ ಅಷ್ಟು ಏರಿಲ್ಲ. ಹಾಗಾಗಿ ಲೆಕ್ಕದ ವಾಹಕತೆ 51ರಿಂದ 67ರ ಹತ್ತಿರಕ್ಕೆ ಹೋಗುತ್ತದೆ. ಬೆರಕೆ ಹೆಚ್ಚಿದಷ್ಟೂ ಉಷ್ಣತೆಯೊಂದಿಗಿನ ಈ ಏರಿಕೆ ಸ್ಪಷ್ಟವಾಗುತ್ತದೆ. ಜಾಲಕದ ಕಂಪನಗಳೂ ಸ್ವಲ್ಪ ಶಾಖ ಸಾಗಿಸುವುದರಿಂದ ಅಳತೆಯ ಮೌಲ್ಯ ಲೆಕ್ಕಕ್ಕಿಂತ ತುಸು ಬೇರೆಯಿರಬಹುದು. ಅತಿ ಶೀತದಲ್ಲಿ ಶುದ್ಧ ಲೋಹದ ವಾಹಕತೆ ಒಂದು ಶಿಖರ ಮುಟ್ಟಿ ಇಳಿದರೆ, ಮಿಶ್ರಲೋಹದ್ದು ಶಿಖರವಿಲ್ಲದೆ ಕುಗ್ಗುತ್ತ ಹೋಗುತ್ತದೆ.

ಬೆರಕೆಯ ಪ್ರಮಾಣಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ಜಾಲಕದೊಳಗೆ ಕರಗಿರುವ ಪರಮಾಣು ಎಲೆಕ್ಟ್ರಾನುಗಳನ್ನು ಚದುರಿಸುತ್ತದೆ. ಪ್ರತ್ಯೇಕ ಕಣವಾಗಿ ಹೊರಬಿದ್ದ ಮೇಲೆ ಅಷ್ಟು ಅಡ್ಡಿ ಮಾಡುವುದಿಲ್ಲ. ಇಟ್ರಿಯಮ್ ಚೆನ್ನಾಗಿ ಕರಗುವ ಡಬ್ಲ್ಯೂಇ43ರ ವಾಹಕತೆ ಸುಮಾರು 51. ಸೀರಿಯಮ್, ಲ್ಯಾಂಥನಮ್‌ಗಳು ಬಹುಪಾಲು ಹರಳುಗಳ ಅಂಚಿನಲ್ಲೇ ಉಳಿಯುವ ಜೆಡ್‌ಇ41ರಲ್ಲಿ ಅದು 100ನ್ನು ಮೀರುತ್ತದೆ. ಎರಡರಲ್ಲೂ ವಿರಳಭಸ್ಮ ಧಾತುಗಳಿದ್ದರೂ ಇಷ್ಟು ಅಂತರ. ಕರಗಿದ ಸತುವು ಅದೇ ಪ್ರಮಾಣದ ಅಲ್ಯೂಮಿನಿಯಮ್ಮಿಗಿಂತ ಕಡಿಮೆ ಹಾನಿ ಮಾಡುತ್ತದೆ.

ಇದೇ ಕಾರಣಕ್ಕೆ ಒಂದೇ ಎಜೆಡ್91ರ ವಾಹಕತೆ ಉಷ್ಣೋಪಚಾರಕ್ಕೆ ತಕ್ಕಂತೆ ಬದಲಾಗುತ್ತದೆ. ಸುಮಾರು 413 ಡಿಗ್ರಿಯಲ್ಲಿ ಹದಗೊಳಿಸಿ ಬೇಗ ತಣಿಸಿದರೆ ಅಲ್ಯೂಮಿನಿಯಮ್ ಕರಗಿಯೇ ಉಳಿದು ವಾಹಕತೆ ತಗ್ಗುತ್ತದೆ. ಆಮೇಲೆ 168 ಡಿಗ್ರಿಯಲ್ಲಿ ಹಲವು ಗಂಟೆ ಇರಿಸಿದರೆ ಅದು ಮೆಗ್ನೀಸಿಯಮ್ಮಿನೊಂದಿಗೆ ಸಂಯುಕ್ತವಾಗಿ ಹೊರಬಿದ್ದು ವಾಹಕತೆ ಏರುತ್ತದೆ. ಉಷ್ಣೋಪಚಾರದ ಸ್ಥಿತಿಯನ್ನು ನಮೂದಿಸದ ಅಂಕಿಗೆ ಹೆಚ್ಚು ಬೆಲೆಯಿಲ್ಲ.

ಅಳತೆಗೆ ಈಗ ಬಹುವಾಗಿ ಬಳಸುವುದು 1961ರಲ್ಲಿ ಪಾರ್ಕರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಫ್ಲ್ಯಾಶ್ ವಿಧಾನ. ಗ್ರಾಫೈಟ್ ಬಳಿದ ತೆಳು ಬಿಲ್ಲೆಯ ಒಂದು ಮುಖಕ್ಕೆ ಲೇಸರ್ ಮಿಂಚು ಹಾಯಿಸಿ, ಹಿಂಬದಿಯ ಉಷ್ಣತೆ ತನ್ನ ಗರಿಷ್ಠ ಏರಿಕೆಯ ಅರ್ಧವನ್ನು ಮುಟ್ಟಲು ಹಿಡಿದ ಕಾಲವನ್ನು ನೋಡುತ್ತಾರೆ. 2 ಮಿಲಿಮೀಟರ್ ದಪ್ಪದ ಎಜೆಡ್91 ಬಿಲ್ಲೆಗೆ ಇದು ಸುಮಾರು 20 ಮಿಲಿಸೆಕೆಂಡು. ಈ ಕಾಲದಿಂದ ಸಿಗುವ ಉಷ್ಣ ವಿಸರಣತೆಯನ್ನು ಸಾಂದ್ರತೆ ಮತ್ತು ವಿಶಿಷ್ಟ ಶಾಖದಿಂದ ಗುಣಿಸಿದರೆ ವಾಹಕತೆ ದೊರೆಯುತ್ತದೆ. ಬಿಲ್ಲೆ ಕಾಯುತ್ತಿರುವಾಗಲೇ ಕಣಗಳು ಹೊರಬೀಳಬಹುದಾದ್ದರಿಂದ ಮೊದಲ ಸಲ ಏರಿಸುವಾಗಿನ ರೇಖೆಯೂ ಎರಡನೆಯ ಸಲದ್ದೂ ಒಂದೇ ಆಗಿರುವುದಿಲ್ಲ. ಎರಡನ್ನೂ ದಾಖಲಿಸುವುದು ಒಳ್ಳೆಯದು.

ಎಲೆಕ್ಟ್ರಾನಿಕ್ ಉಪಕರಣಗಳ ಹೊದಿಕೆ, ಎಲ್‌ಇಡಿ ದೀಪಗಳ ಶಾಖಹಾರಿ ರೆಕ್ಕೆಗಳಲ್ಲಿ ಉಷ್ಣವಾಹಕತೆ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಎಂಜಿನ್ ಭಾಗಗಳಲ್ಲಿ ಸುಮಾರು 120 ಡಿಗ್ರಿಯ ಮೇಲೆ ಅಲ್ಯೂಮಿನಿಯಮ್ ಬೆರೆಸಿದ ಸಾಮಾನ್ಯ ಮಿಶ್ರಲೋಹಗಳು ಹೊರೆಯಡಿ ನಿಧಾನವಾಗಿ ಹಿಗ್ಗತೊಡಗುವುದರಿಂದ, ವಾಹಕತೆಯ ಜೊತೆಗೆ ಬಲವನ್ನೂ ನೋಡಿಯೇ ಮಿಶ್ರಲೋಹವನ್ನು ಆರಿಸಬೇಕಾಗುತ್ತದೆ.